ಕೋಕೋ ದರದಿಂದ ಸಂವಿಧಾನದವರೆಗೆ: ಗೋಲ್ಡ್ ಕೋಸ್ಟ್‌ನ ಕೊನೆಯ ಮೂರು ವರ್ಷಗಳು, 1954–57

1954ರ ಆಗಸ್ಟ್‌ನಲ್ಲಿ ಪಶ್ಚಿಮ ಆಫ್ರಿಕದ ಬ್ರಿಟಿಷ್ ವಸಾಹತು ಗೋಲ್ಡ್ ಕೋಸ್ಟ್‌ನ (ಇಂದಿನ ಘಾನಾ) ಶಾಸನಸಭೆ ಒಂದು ಮಸೂದೆಯನ್ನು ಅವಸರವಾಗಿಯೇ ಅಂಗೀಕರಿಸಿತು. ಅದರ ಪ್ರಕಾರ ಕೋಕೋ ಬೆಳೆಗಾರನಿಗೆ 60 ರಾತಲು ತೂಕದ ಒಂದು ಹೊರೆಗೆ 72 ಷಿಲಿಂಗ್ ಸಿಗುತ್ತಿತ್ತು. ನಾಲ್ಕು ವರ್ಷ ಆ ದರ ಬದಲಾಗುವಂತಿರಲಿಲ್ಲ. ಟನ್ನಿನ ಲೆಕ್ಕದಲ್ಲಿ ನೋಡಿದರೆ ಇದು 134 ಪೌಂಡಿಗಿಂತ ತುಸು ಹೆಚ್ಚು. ಅದೇ ಹೊತ್ತಿನಲ್ಲಿ ಲಂಡನ್ ಮಾರುಕಟ್ಟೆಯಲ್ಲಿ ಕೋಕೋ ದರ ಟನ್ನಿಗೆ 400 ಪೌಂಡ್ ದಾಟಿತ್ತು. ಎರಡು ತಿಂಗಳ ಹಿಂದಷ್ಟೇ ನಡೆದ ಚುನಾವಣೆಯಲ್ಲಿ ಆಡಳಿತ ಪಕ್ಷದ ಕೆಲವು ಅಭ್ಯರ್ಥಿಗಳು ಹೊರೆಗೆ 100 ಷಿಲಿಂಗ್ ಕೊಡಿಸುತ್ತೇವೆಂದು ಊರೂರಿನಲ್ಲಿ ಮಾತು ಕೊಟ್ಟಿದ್ದರು. ಮಸೂದೆ ಮಂಡಿಸಿದ ಹಣಕಾಸು ಸಚಿವ ಕೊಮ್ಲಾ ಗ್ಬೆಡೆಮಾ ಅವರ ಪಾಲಿಗೆ ಇದು ಹಣದುಬ್ಬರವನ್ನು ತಡೆಯುವ, ಅಭಿವೃದ್ಧಿಗೆ ಬಂಡವಾಳ ಒದಗಿಸುವ ಸರಳ ಆರ್ಥಿಕ ಕ್ರಮವಾಗಿತ್ತು. ಆದರೆ ಐದಾರು ವಾರಗಳೊಳಗೆ ಅದೊಂದು ಸಂವಿಧಾನದ ಪ್ರಶ್ನೆಯಾಗಿ ಬೆಳೆದು, ಬಹುತೇಕ ಕೈಗೆಟುಕಿದ್ದ ಸ್ವಾತಂತ್ರ್ಯದ ದಿನಾಂಕವನ್ನೇ ಎರಡು ವರ್ಷಕ್ಕೂ ಹೆಚ್ಚು ಕಾಲ ಅನಿಶ್ಚಿತವಾಗಿ ಇರಿಸಿತು.

ಸ್ವಾತಂತ್ರ್ಯದ ಹೊಸ್ತಿಲಲ್ಲಿ ನಿಂತ ವಸಾಹತುವೊಂದರಲ್ಲಿ ಸ್ವಯಮಾಡಳಿತದ ಜಗಳ ಆಳುವವರೊಂದಿಗೆ ಮಾತ್ರ ನಡೆಯುವುದಿಲ್ಲ ಎಂಬುದಕ್ಕೆ ಈ ಪ್ರಕರಣದಷ್ಟು ಸ್ಪಷ್ಟವಾದ ನಿದರ್ಶನ ನನಗೆ ಬೇರೆ ಕಂಡಿಲ್ಲ. ಬ್ರಿಟನ್ ಹೊರಡಲು ಸಿದ್ಧವಿತ್ತು. ಬಿಟ್ಟುಹೋಗುವ ಅಧಿಕಾರವನ್ನು ಯಾರ ಕೈಗೆ, ಎಷ್ಟು ಪಾಲು ಮಾಡಿ ಕೊಡಬೇಕು ಎಂಬುದೇ ತಕರಾರಾಗಿತ್ತು.

ಒಂದು ಹೆಸರು, ನಾಲ್ಕು ನೆಲ

ಗೋಲ್ಡ್ ಕೋಸ್ಟ್ ಎಂಬ ಒಂದೇ ಹೆಸರಿನ ಕೆಳಗೆ ನಾಲ್ಕು ಬೇರೆ ಬೇರೆ ಭೂಭಾಗಗಳಿದ್ದವು. ದಕ್ಷಿಣದ ಕರಾವಳಿ ಪ್ರದೇಶಕ್ಕೆ ‘ಕಾಲೊನಿ’ ಎಂದೇ ಹೆಸರು. ಇಂಗ್ಲಿಷ್ ಶಿಕ್ಷಣ, ವಕೀಲಿಕೆ, ಪತ್ರಿಕೆಗಳು ಮೊದಲು ಬೇರೂರಿದ್ದು ಅಲ್ಲಿ. ಅದರ ಉತ್ತರಕ್ಕೆ ಕಾಡು ಮತ್ತು ಕೋಕೋ ತೋಟಗಳ ಅಸಾಂಟೆ. ಅದಕ್ಕೂ ಉತ್ತರದಲ್ಲಿ, ಸಂರಕ್ಷಿತ ಪ್ರದೇಶವೆಂದು ಬೇರೆಯಾಗಿ ಆಳಲ್ಪಟ್ಟ ಒಣಹುಲ್ಲಿನ ಬಯಲುಸೀಮೆ. ಪೂರ್ವದಲ್ಲಿ ಜರ್ಮನರಿಂದ ಮೊದಲ ಮಹಾಯುದ್ಧದ ನಂತರ ಬ್ರಿಟನ್ನಿನ ಕೈಸೇರಿ, ಆಮೇಲೆ ವಿಶ್ವಸಂಸ್ಥೆಯ ನ್ಯಾಸದಡಿ ಬಂದಿದ್ದ ಟೋಗೋಲ್ಯಾಂಡಿನ ಪಟ್ಟಿ. (ಇಂಗ್ಲಿಷ್ ದಾಖಲೆಗಳ ‘ಅಶಾಂಟಿ’ ಎಂಬ ರೂಪ ಕನ್ನಡದ ಕಿವಿಗೆ ಬೇರೆಯದೇ ಅರ್ಥ ಕೊಡುವುದರಿಂದ ಇಲ್ಲಿ ಆ ಜನ ತಮ್ಮನ್ನು ಕರೆದುಕೊಳ್ಳುವಂತೆ ‘ಅಸಾಂಟೆ’ ಎಂದೇ ಬರೆದಿದ್ದೇನೆ.)

ಅಸಾಂಟೆ ಬ್ರಿಟಿಷರಿಗೆ ಸುಲಭವಾಗಿ ಮಣಿದ ನಾಡಲ್ಲ. ಹತ್ತೊಂಬತ್ತನೆಯ ಶತಮಾನದುದ್ದಕ್ಕೂ ಯುದ್ಧ ಮಾಡಿದ ಆ ರಾಜ್ಯದ ಅರಸ ಪ್ರೆಂಪೆ 1896ರಲ್ಲಿ ಸೆರೆಯಾಗಿ, ಮುಂದೆ ಸೆಷೆಲ್ಸ್ ದ್ವೀಪಕ್ಕೆ ಗಡೀಪಾರಾಗಿ, 1924ರವರೆಗೆ ಊರು ಕಾಣಲಿಲ್ಲ. ಅರಸೊತ್ತಿಗೆಯ ಚಿಹ್ನೆಯಾದ ಚಿನ್ನದ ಪೀಠವನ್ನು ಒಪ್ಪಿಸಬೇಕೆಂದು ಬ್ರಿಟಿಷ್ ಗವರ್ನರ್ ಕೇಳಿದ್ದಕ್ಕೆ 1900ರಲ್ಲಿ ದಂಗೆಯೇ ಎದ್ದಿತ್ತು. 1935ರಲ್ಲಿ ಅಸಾಂಟೆ ಒಕ್ಕೂಟವನ್ನು ಬ್ರಿಟಿಷರೇ ಮತ್ತೆ ಊರ್ಜಿತಗೊಳಿಸಿ, ಎರಡನೆಯ ಪ್ರೆಂಪೆಯನ್ನು ಅಸಾಂಟೆಹೆನೆ, ಅಂದರೆ ಅಸಾಂಟೆಯ ಅರಸನೆಂದು, ಮಾನ್ಯ ಮಾಡಿದರು. ಇಷ್ಟಾದರೂ ಕರಾವಳಿಯ ರಾಜಧಾನಿ ಅಕ್ರಾದಲ್ಲಿದ್ದ ಶಾಸನ ಪರಿಷತ್ತಿನಲ್ಲಿ ಅಸಾಂಟೆಗೆ ಪ್ರಾತಿನಿಧ್ಯ ದೊರೆತದ್ದು 1946ರ ಸಂವಿಧಾನದಿಂದ. ಹೀಗಾಗಿ 1954ರಲ್ಲಿ ‘ಒಂದೇ ದೇಶ’ ಎಂದು ಎಲ್ಲರೂ ಹೇಳುತ್ತಿದ್ದ ರಾಜಕೀಯ ಘಟಕಕ್ಕೆ ಹತ್ತು ವರ್ಷವೂ ತುಂಬಿರಲಿಲ್ಲ.

ಆ ಹತ್ತು ವರ್ಷದಲ್ಲಿ ನಡೆದ ಬದಲಾವಣೆ ಮಾತ್ರ ಅಸಾಧಾರಣ ವೇಗದ್ದು. 1948ರ ಫೆಬ್ರವರಿ 28ರಂದು ಅಕ್ರಾದಲ್ಲಿ ಮಾಜಿ ಸೈನಿಕರ ಮೆರವಣಿಗೆಯ ಮೇಲೆ ಗುಂಡು ಹಾರಿತು. 1949ರ ಜೂನ್‌ನಲ್ಲಿ ಕ್ವಾಮೆ ಎನ್‌ಕ್ರುಮಾ ‘ಈಗಲೇ ಸ್ವಯಮಾಡಳಿತ’ ಎಂಬ ಘೋಷಣೆಯೊಂದಿಗೆ ಕನ್ವೆನ್ಷನ್ ಪೀಪಲ್ಸ್ ಪಾರ್ಟಿ ಕಟ್ಟಿದರು. 1951ರ ಚುನಾವಣೆಯನ್ನು ಅವರು ಸೆರೆಮನೆಯಿಂದಲೇ ಗೆದ್ದು ಹೊರಬಂದು ಸರ್ಕಾರ ರಚಿಸಿದರು. 1954ರ ಸಂವಿಧಾನದಡಿ ಸಚಿವ ಸಂಪುಟದಲ್ಲಿ ಆಫ್ರಿಕನ್ನರೇ ತುಂಬಿದ್ದರು. ರಕ್ಷಣೆ, ವಿದೇಶ ವ್ಯವಹಾರದಂಥ ಕೆಲವು ವಿಷಯಗಳು ಮಾತ್ರ ಗವರ್ನರ್ ಸರ್ ಚಾರ್ಲ್ಸ್ ಆರ್ಡನ್-ಕ್ಲಾರ್ಕ್ ಅವರ ಕೈಯಲ್ಲಿ ಉಳಿದಿದ್ದವು. ಆ ವರ್ಷದ ಜೂನ್ 15ರ ಚುನಾವಣೆಯಲ್ಲಿ ಪಕ್ಷ 104 ಸ್ಥಾನಗಳಲ್ಲಿ 70ಕ್ಕೂ ಹೆಚ್ಚನ್ನು ಗೆದ್ದಿತು. ಸ್ವಾತಂತ್ರ್ಯಕ್ಕೆ ಮುಂಚಿನ ಕೊನೆಯ ಚುನಾವಣೆ ಅದೇ ಎಂದು ಎನ್‌ಕ್ರುಮಾ ತಿಳಿದಿದ್ದರು.

72 ಷಿಲಿಂಗ್ ಯಾಕೆ ಇಷ್ಟು ಚುಚ್ಚಿತು

1947ರಲ್ಲಿ ಸ್ಥಾಪಿತವಾದ ಕೋಕೋ ಮಾರುಕಟ್ಟೆ ಮಂಡಳಿ ಇಡೀ ಬೆಳೆಯನ್ನು ನಿಗದಿತ ದರಕ್ಕೆ ಕೊಂಡು ಲಂಡನ್ನಿನಲ್ಲಿ ಮಾರುತ್ತಿತ್ತು. ಎರಡು ದರಗಳ ನಡುವಿನ ಹಣ ಮಂಡಳಿಯ ಮೀಸಲು ನಿಧಿಗೂ ರಫ್ತು ಸುಂಕವಾಗಿ ಸರ್ಕಾರಕ್ಕೂ ಹೋಗುತ್ತಿತ್ತು. ಬೆಳೆಯನ್ನೆಲ್ಲ ಕಾಫಿ ಮಂಡಳಿಯ ಪೂಲ್‌ಗೆ ಒಪ್ಪಿಸಿ ಹಣಕ್ಕಾಗಿ ಕಾದ ಕಾಲವನ್ನು ನೆನೆಯಬಲ್ಲ ಕೊಡಗು, ಚಿಕ್ಕಮಗಳೂರಿನ ಹಿರಿಯ ಬೆಳೆಗಾರರಿಗೆ ಇದರ ಒಳಮರ್ಮ ಬೇರೆ ವಿವರಿಸಬೇಕಿಲ್ಲ. ಸರ್ಕಾರದ ವಾದವನ್ನು ತಳ್ಳಿಹಾಕುವಂತೆಯೂ ಇರಲಿಲ್ಲ. ದರ ಏರಿದಾಗ ಹಣವೆಲ್ಲ ತೋಟಗಳಿಗೆ ಹರಿದರೆ ಆಮದು ಸರಕಿನ ಬೆಲೆ ಏರುತ್ತದೆ. ಶಾಲೆ, ರಸ್ತೆ, ಬಂದರುಗಳಿಗೆ ದೇಶದಲ್ಲಿ ಬೇರೆ ಆದಾಯದ ಮೂಲ ಇಲ್ಲ. ಕೋಕೋ ಬೆಳೆಯದ ಬಡ ಉತ್ತರಕ್ಕೂ ಏನಾದರೂ ತಲುಪಬೇಕು. 1956ರ ವೇಳೆಗೆ ಜಾಗತಿಕ ದರ ಸುಮಾರು ಅರ್ಧಕ್ಕೆ ಕುಸಿದಾಗ ಮೀಸಲು ನಿಧಿಯ ತರ್ಕಕ್ಕೆ ಬಲವೂ ಬಂತು.

ಆದರೆ ದೇಶದ ಕೋಕೋದಲ್ಲಿ ಸುಮಾರು ಅರ್ಧ ಅಸಾಂಟೆಯದು. ಶಾಸನಸಭೆಯ 104 ಸ್ಥಾನಗಳಲ್ಲಿ ಅಸಾಂಟೆಗೆ ಸಿಕ್ಕಿದ್ದು 21. ಆ ನಾಡಿನವರು ಕೇಳಿದ್ದು 30. ಜನಸಂಖ್ಯೆಯ ಲೆಕ್ಕದಲ್ಲಿ 21 ಎಂಬುದು ಅನ್ಯಾಯದ ಸಂಖ್ಯೆಯಲ್ಲ. ಆದರೆ ಬೆಳೆಗಾರ ಜನಸಂಖ್ಯೆಯ ಲೆಕ್ಕ ಹಾಕುತ್ತಿರಲಿಲ್ಲ, ಹೊರೆಯ ಲೆಕ್ಕ ಹಾಕುತ್ತಿದ್ದ. ಇದರ ಜೊತೆಗೆ, ಬೆಳೆಗಾರರಿಗೆ ಸಾಲ ಕೊಡಲು ಇದ್ದ ಸರ್ಕಾರಿ ಕೋಕೋ ಖರೀದಿ ಕಂಪನಿ ಪಕ್ಷದವರಿಗೆ ಮಾತ್ರ ಕೈ ಸಡಿಲಿಸುತ್ತದೆ ಎಂಬ ದೂರು ಎಲ್ಲೆಡೆ ಇತ್ತು. ಆ ಕಂಪನಿ ಪಕ್ಷದ ಹಿಡಿತದಲ್ಲಿತ್ತೆಂಬುದನ್ನು ಮುಂದೆ ನೈಜೀರಿಯಾದ ನ್ಯಾಯಾಧೀಶ ಜಿಬೋವು ನೇತೃತ್ವದ ವಿಚಾರಣಾ ಆಯೋಗವೇ 1956ರಲ್ಲಿ ದೃಢಪಡಿಸಿತು. ಇನ್ನೊಂದು ಕಡೆ, 1954ರ ಚುನಾವಣೆಯಲ್ಲಿ ಟಿಕೆಟ್ ಸಿಗದೆ ಪಕ್ಷೇತರರಾಗಿ ನಿಂತ 81 ಮಂದಿಯನ್ನು ಎನ್‌ಕ್ರುಮಾ ಪಕ್ಷದಿಂದ ಉಚ್ಚಾಟಿಸಿದ್ದರು. ಅಸಾಂಟೆಯ ಯುವಜನ ಸಂಘದಲ್ಲಿ, ಅಲ್ಲಿಯ ತನಕ ಪಕ್ಷದ ಕಾಲಾಳುಗಳಾಗಿದ್ದವರಲ್ಲಿ, ಈ ಅಸಮಾಧಾನ ಕುದಿಯುತ್ತಿತ್ತು. ದರದ ಸುದ್ದಿ ಇವರಿಗೆಲ್ಲ ಒಂದೇ ಬಾವುಟ ಒದಗಿಸಿತು.

1954ರ ಸೆಪ್ಟೆಂಬರ್ 19ರಂದು ಅಸಾಂಟೆಯ ರಾಜಧಾನಿ ಕುಮಾಸಿಯಲ್ಲಿ ನೆರೆದ ದೊಡ್ಡ ಜನಸ್ತೋಮದ ಮುಂದೆ ರಾಷ್ಟ್ರೀಯ ವಿಮೋಚನಾ ಚಳವಳಿ, ಅಂದರೆ ನ್ಯಾಷನಲ್ ಲಿಬರೇಷನ್ ಮೂವ್‌ಮೆಂಟ್ ಉದಯಿಸಿತು. ಅಧ್ಯಕ್ಷರಾದ ಬಾಫೂರ್ ಒಸೆಯ್ ಅಕೋಟೊ ಸ್ವತಃ ದೊಡ್ಡ ಕೋಕೋ ಬೆಳೆಗಾರರು. ಅಷ್ಟೇ ಮುಖ್ಯವಾಗಿ, ಅಸಾಂಟೆಹೆನೆಯ ಒಬ್ಬ ವಾಗ್ಮಿ, ಅರಸನ ಮಾತನ್ನು ಸಭೆಗೆ ತಲುಪಿಸುವ ಪರಂಪರಾಗತ ಅಧಿಕಾರಿ. ಕೋಕೋ ಮರವೇ ಚಳವಳಿಯ ಗುರುತಾಯಿತು. ಬೆಳೆಗಾರರು, ಸಿಟ್ಟಿಗೆದ್ದ ಯುವಕರು, ಅರಸು ಮನೆತನಗಳು, ಹಳೆಯ ವಕೀಲ ವರ್ಗ ಎಲ್ಲ ಒಟ್ಟಿಗೆ ಸೇರಿದ್ದೇ ಅದರ ಬಲ. ತಿಂಗಳೊಪ್ಪತ್ತಿನಲ್ಲೇ ಅಸಾಂಟೆಯ ಅರಸರ ಮಂಡಳಿ ಬೆಂಬಲ ಸೂಚಿಸಿ, ಪ್ರಾಂತ್ಯಗಳಿಗೂ ಅಧಿಕಾರ ಹಂಚುವ ಒಕ್ಕೂಟ (ಫೆಡರಲ್) ಸಂವಿಧಾನದ ಪರಿಶೀಲನೆಗೆ ರಾಯಲ್ ಕಮಿಷನ್ ನೇಮಿಸುವಂತೆ ಬ್ರಿಟನ್ನಿನ ರಾಣಿಗೆ ಮನವಿ ಕಳುಹಿಸಿತು. ಹೊರೆಗೆ ಎಷ್ಟು ಷಿಲಿಂಗ್ ಎಂದು ಆರಂಭವಾದ ಮಾತು ಹೀಗೆ, ದರ ನಿಗದಿಪಡಿಸುವ ಅಧಿಕಾರ ಅಕ್ರಾಕ್ಕೋ ಕುಮಾಸಿಗೋ ಎಂಬಲ್ಲಿಗೆ ಬಂದು ನಿಂತಿತು.

ಬಹಿಷ್ಕಾರದ ಸರಣಿ

ಅಕ್ಟೋಬರ್‌ನಲ್ಲಿ ಚಳವಳಿಯ ಪ್ರಚಾರ ಕಾರ್ಯದರ್ಶಿ ಇ. ವೈ. ಬಾಫೋ ಅವರನ್ನು ಆಡಳಿತ ಪಕ್ಷದ ಸ್ಥಳೀಯ ಪದಾಧಿಕಾರಿಯೊಬ್ಬ ಇರಿದು ಕೊಂದ. ಅಲ್ಲಿಂದ ಕುಮಾಸಿಯ ಬೀದಿಗಳಲ್ಲಿ ಎರಡೂ ಕಡೆಯ ತಂಡಗಳ ಹೊಡೆದಾಟ, ಮನೆಗಳ ಮೇಲೆ ಸ್ಫೋಟಕ ಎಸೆತ ದಿನಚರಿಯಾಯಿತು. 1955ರ ಮಾರ್ಚ್‌ನಲ್ಲಿ ಮಾತುಕತೆಗೆಂದು ಹೋದ ಗವರ್ನರ್ ಅವರ ಕಾರಿನ ಮೇಲೂ ಕಲ್ಲು ಮಣ್ಣು ಬಿದ್ದವು. ಅದೇ ವರ್ಷದ ನವೆಂಬರ್‌ನಲ್ಲಿ ಅಕ್ರಾದಲ್ಲಿ ಎನ್‌ಕ್ರುಮಾ ವಾಸದ ಮನೆಯಲ್ಲಿ ಬಾಂಬ್ ಸಿಡಿಯಿತು. ಈ ಹಿಂಸೆಯ ಹೊಣೆ ಒಂದೇ ಪಕ್ಷದ್ದಲ್ಲ. ಆದರೆ ಕುಮಾಸಿಯಲ್ಲಿದ್ದ ಆಡಳಿತ ಪಕ್ಷದ ಅನೇಕ ಕಾರ್ಯಕರ್ತರು ಊರು ಬಿಟ್ಟು ಓಡಬೇಕಾಯಿತು ಎಂಬುದನ್ನು ಒಕ್ಕೂಟವಾದಿಗಳು ತಮ್ಮ ಅಹವಾಲುಗಳಲ್ಲಿ ಎಂದೂ ಬರೆಯಲಿಲ್ಲ.

ಬೀದಿಯ ಜಗಳಕ್ಕಿಂತ ಮಾತುಕತೆಯ ಮೇಜಿನಲ್ಲಿ ಆದದ್ದು, ಅಥವಾ ಆಗದೇ ಹೋದದ್ದು, ಈ ಪ್ರಕರಣದ ತಿರುಳು. 1955ರಲ್ಲಿ ಒಕ್ಕೂಟ ಪದ್ಧತಿಯನ್ನೂ ಎರಡನೆಯ ಸದನದ ಅಗತ್ಯವನ್ನೂ ಪರಿಶೀಲಿಸಲು ಶಾಸನಸಭೆ ಆಯ್ಕೆ ಸಮಿತಿ ನೇಮಿಸಿತು. ವಿರೋಧ ಪಕ್ಷ ಅದರಲ್ಲಿ ಕೂರಲು ನಿರಾಕರಿಸಿತು. ಸಮಿತಿ ಒಕ್ಕೂಟ ಬೇಡವೆಂದು ವರದಿ ಕೊಟ್ಟಿತು. ಅದೇ ವರ್ಷ, ಭಾರತದಲ್ಲಿ ಪ್ರಾಂತ್ಯ ಗವರ್ನರ್ ಆಗಿ ಕೆಲಸ ಮಾಡಿದ್ದ ಸರ್ ಫ್ರೆಡರಿಕ್ ಬೋರ್ನ್ ಸಂವಿಧಾನ ಸಲಹೆಗಾರರಾಗಿ ಬಂದರು. ಅವರು ಬಂದ ಮೇಲೆ ಸರ್ಕಾರ, ಅಸಾಂಟೆಯ ಸಣ್ಣ ಅರಸರು ತಮ್ಮ ಪದಚ್ಯುತಿಯ ವಿರುದ್ಧ ನೇರವಾಗಿ ಗವರ್ನರ್‌ಗೆ ಮೇಲ್ಮನವಿ ಸಲ್ಲಿಸಬಹುದೆಂಬ ತಿದ್ದುಪಡಿ ಮಸೂದೆ ತಂದಿತು. ಕುಮಾಸಿಯ ಮೇಲರಸರಿಗೆ ಎದುರಾಗಿ ನಿಂತು ಆಡಳಿತ ಪಕ್ಷವನ್ನು ಬೆಂಬಲಿಸಿದ ಸಣ್ಣ ಅರಸರಿಗೆ ಇದು ರಕ್ಷಾಕವಚ. ಸರ್ಕಾರದ ಈ ನಡೆ ಸಮಯಸಾಧಕವಾದದ್ದೇ. ಸಲಹೆಗಾರ ದೇಶದಲ್ಲಿರುವಾಗಲೇ ವಿವಾದದ ಒಂದು ತುದಿಯನ್ನು ಕತ್ತರಿಸಿ ಹಾಕಿದಂತೆ. ಚಳವಳಿಯವರು ಇದನ್ನೇ ಕಾರಣ ಮಾಡಿ ಬೋರ್ನ್ ಅವರನ್ನು ಭೇಟಿಯಾಗಲಿಲ್ಲ. ಬೋರ್ನ್ ಡಿಸೆಂಬರ್‌ನಲ್ಲಿ ಕೊಟ್ಟ ವರದಿ ಒಕ್ಕೂಟವನ್ನು ಒಪ್ಪದಿದ್ದರೂ ಪ್ರಾಂತೀಯ ಸಭೆಗಳನ್ನು ಸ್ಥಾಪಿಸಿ ಅವಕ್ಕೆ ಅಧಿಕಾರ ವಹಿಸಿಕೊಡಬೇಕೆಂದು ಸೂಚಿಸಿತು. 1956ರ ಫೆಬ್ರವರಿಯಲ್ಲಿ ಆ ವರದಿಯನ್ನು ಚರ್ಚಿಸಲು ಅಕ್ರಾ ಬಳಿಯ ಅಚಿಮೋಟಾದಲ್ಲಿ ಸಮ್ಮೇಳನ ಸೇರಿದಾಗಲೂ ಕುಮಾಸಿಯ ಕುರ್ಚಿಗಳು ಖಾಲಿ.

ನನ್ನ ಎಣಿಕೆಯಲ್ಲಿ ಚಳವಳಿಯ ಬೇಡಿಕೆಯಲ್ಲಿ ತಿರುಳಿತ್ತು, ನಡೆಯಲ್ಲಿ ವಿವೇಕವಿರಲಿಲ್ಲ. ಹೊಸದಾಗಿ ಹೊಲಿದ ದೇಶವೊಂದರಲ್ಲಿ ಹಣವನ್ನೂ ಅಧಿಕಾರವನ್ನೂ ಒಂದೇ ಪಕ್ಷ, ಒಂದೇ ರಾಜಧಾನಿ ಹಿಡಿದುಕೊಳ್ಳುವುದರ ಅಪಾಯವನ್ನು ಅವರು ಸರಿಯಾಗಿಯೇ ಗುರುತಿಸಿದ್ದರು. ಆದರೆ ತಾವು ಎದ್ದು ಹೋದರೆ ಲಂಡನ್ ಹೆದರಿ ಸ್ವಾತಂತ್ರ್ಯವನ್ನು ತಡೆಹಿಡಿಯುತ್ತದೆ ಎಂಬ ಲೆಕ್ಕಾಚಾರದ ಮೇಲೆ ಅವರ ಇಡೀ ತಂತ್ರ ನಿಂತಿತ್ತು. ಹೊರಡಲು ಗಂಟುಮೂಟೆ ಕಟ್ಟಿದ್ದವರನ್ನು ಪಂಚಾಯಿತಿಗೆ ಕೂರಿಸಿ ಗೆಲ್ಲುತ್ತೇವೆಂದು ಅವರು ನಂಬಿದ್ದರು.

ಅವರ ಒಕ್ಕೂಟವಾದದೊಳಗೇ ಒಂದು ಬಿರುಕೂ ಇತ್ತು. ಅಸಾಂಟೆಯ ಪಶ್ಚಿಮ, ವಾಯವ್ಯದಲ್ಲಿ ವಾಸಿಸುವ ಬ್ರಾಂಗ್ ಜನ ಕುಮಾಸಿಯ ಯಜಮಾನಿಕೆಯನ್ನು ಒಪ್ಪದೆ, 1951ರಿಂದಲೇ ತಮ್ಮದೇ ಒಕ್ಕೂಟ ಕಟ್ಟಿಕೊಂಡು, ತಮಗೆ ಬೇರೆ ಪ್ರಾಂತ್ಯ ಬೇಕೆಂದು ಕೇಳುತ್ತಿದ್ದರು. ಬ್ರಾಂಗ್ ಸೀಮೆಯ ಟೆಚಿಮಾನ್, ಡೋರ್ಮಾಗಳು ಅದೇ ಮಾತನ್ನು ತನ್ನ ಎದುರು ಆಡಿದಾಗ, ಅಕ್ರಾದ ಎದುರು ಪ್ರಾಂತ್ಯದ ಹಕ್ಕು ಸಾರಿದ ಕುಮಾಸಿ ಕಿವಿ ಮುಚ್ಚಿಕೊಂಡಿತು. ಎನ್‌ಕ್ರುಮಾ ಈ ಅವಕಾಶ ಬಿಡಲಿಲ್ಲ. ಬ್ರಾಂಗ್ ಬೇಡಿಕೆಗೆ ಸಹಾನುಭೂತಿ ತೋರಿಸಿದರು. ವಿಚಿತ್ರವೆಂದರೆ ವಿರೋಧ ಪಕ್ಷದ ನಾಯಕರಾಗಿದ್ದ ಸಮಾಜಶಾಸ್ತ್ರಜ್ಞ ಕೋಫಿ ಬೂಸಿಯಾ ಅವರೇ ಬ್ರಾಂಗ್ ಸೀಮೆಯ ವೆಂಚಿಯ ಅರಸು ಮನೆತನದವರು.

ಇನ್ನೊಂದು ಚುನಾವಣೆ

1956ರ ಮೇ ತಿಂಗಳು ಎರಡು ನಿರ್ಣಾಯಕ ದಿನಗಳನ್ನು ಕಂಡಿತು. ಮೇ 9ರಂದು ಬ್ರಿಟಿಷ್ ಟೋಗೋಲ್ಯಾಂಡಿನಲ್ಲಿ ವಿಶ್ವಸಂಸ್ಥೆಯ ಮೇಲ್ವಿಚಾರಣೆಯಲ್ಲಿ ಜನಮತ ಸಂಗ್ರಹ ನಡೆದು, ಶೇಕಡಾ 58ರಷ್ಟು ಮಂದಿ ಗೋಲ್ಡ್ ಕೋಸ್ಟ್ ಜೊತೆ ಸೇರಲು ಒಪ್ಪಿದರು. ಮೇ 11ರಂದು ವಸಾಹತು ಸಚಿವ ಅಲನ್ ಲೆನಾಕ್ಸ್-ಬಾಯ್ಡ್ ಬ್ರಿಟಿಷ್ ಸಂಸತ್ತಿನಲ್ಲಿ ತಮ್ಮ ಷರತ್ತು ಮುಂದಿಟ್ಟರು: ಹೊಸದಾಗಿ ಸಾರ್ವತ್ರಿಕ ಚುನಾವಣೆ ನಡೆಯಬೇಕು, ಹಾಗೆ ಆಯ್ಕೆಯಾದ ಶಾಸನಸಭೆ ತಕ್ಕಷ್ಟು ಬಹುಮತದಿಂದ ಸ್ವಾತಂತ್ರ್ಯ ಕೇಳಿದರೆ ಖಚಿತ ದಿನಾಂಕ ಘೋಷಿಸಲಾಗುವುದು. ಎರಡೇ ವರ್ಷದ ಹಿಂದೆ ಗೆದ್ದ ಎನ್‌ಕ್ರುಮಾ ಅವರಿಗೆ ಇದು ಅವಮಾನವಾಗಿ ಕಂಡದ್ದರಲ್ಲಿ ಆಶ್ಚರ್ಯವಿಲ್ಲ. ಚುನಾವಣೆ ಬೇಕೆಂದು ಒತ್ತಾಯಿಸುತ್ತಿದ್ದ ವಿರೋಧ ಪಕ್ಷಕ್ಕೆ ಇದು ಜಯವಾಗಿ ಕಂಡಿತು. ನನ್ನ ಓದಿನ ಪ್ರಕಾರ ಎರಡೂ ಕಡೆಯವರು ತಪ್ಪಾಗಿ ಗ್ರಹಿಸಿದರು. ಒಕ್ಕೂಟವೋ ಏಕಘಟಕವೋ ಎಂಬ ಪ್ರಶ್ನೆಯನ್ನು ಲಂಡನ್ ತಾನು ತೀರ್ಮಾನಿಸದೆ, ಯಾರಿಗೆ ಹೆಚ್ಚು ಸ್ಥಾನ ಎಂಬ ಸುಲಭದ ಪ್ರಶ್ನೆಯಾಗಿ ಪರಿವರ್ತಿಸಿಕೊಂಡಿತು. ‘ತಕ್ಕಷ್ಟು’ ಎಂದರೆ ಎಷ್ಟು ಎಂಬುದನ್ನೂ ಅದು ಬಿಡಿಸಿ ಹೇಳಲಿಲ್ಲ.

ಜುಲೈ 12 ಮತ್ತು 17ರಂದು ಮತದಾನ ನಡೆಯಿತು. ಆಡಳಿತ ಪಕ್ಷಕ್ಕೆ 104ರಲ್ಲಿ 71 ಸ್ಥಾನ, ಸುಮಾರು ಶೇಕಡಾ 57ರಷ್ಟು ಮತ. ಒಟ್ಟು ಸಂಖ್ಯೆ ನೋಡಿದರೆ ವಾದಕ್ಕೆ ಎಡೆಯೇ ಇಲ್ಲ. ಪ್ರಾಂತ್ಯವಾರು ಬಿಡಿಸಿದರೆ ಚಿತ್ರ ಬೇರೆ. ಕಾಲೊನಿಯ 44 ಸ್ಥಾನಗಳೂ ಎನ್‌ಕ್ರುಮಾ ಪಕ್ಷಕ್ಕೆ. ಅಲ್ಲಿನ ಹಿರಿಯ ನಾಯಕ ಜೆ. ಬಿ. ಡಾಂಕ್ವಾ ಸಹ ಸೋತರು. ಅಸಾಂಟೆಯ 21ರಲ್ಲಿ ಪಕ್ಷಕ್ಕೆ ದಕ್ಕಿದ್ದು 8, ಉತ್ತರದ 26ರಲ್ಲಿ 11. ಅಂದರೆ ದೇಶದ ಎರಡು ಪ್ರಾಂತ್ಯಗಳು ಸರ್ಕಾರವನ್ನು ತಿರಸ್ಕರಿಸಿದ್ದವು ಎಂದು ಬೂಸಿಯಾ ವಾದಿಸಿದರು. ಆದರೆ ಅಸಾಂಟೆಯಲ್ಲೂ ನೂರಕ್ಕೆ ಸುಮಾರು 43 ಮತ ಎನ್‌ಕ್ರುಮಾ ಪಕ್ಷಕ್ಕೆ ಬಿದ್ದಿತ್ತು, ಅದೂ ಕೋಕೋ ದರದ ಸಿಟ್ಟು, ಚಿನ್ನದ ಪೀಠದ ಗೌರವ, ಬೀದಿಯ ಭಯ ಎಲ್ಲ ಎದುರಿದ್ದಾಗ. ಅಸಾಂಟೆ ಒಂದೇ ಧ್ವನಿಯಲ್ಲಿ ಮಾತಾಡುತ್ತದೆ ಎಂಬ ಚಳವಳಿಯ ಮೂಲ ಹೇಳಿಕೆಯನ್ನು ಅಸಾಂಟೆಯ ಮತಪೆಟ್ಟಿಗೆಯೇ ಒಪ್ಪಲಿಲ್ಲ.

ಆಗಸ್ಟ್ 3ರಂದು ಸ್ವಾತಂತ್ರ್ಯದ ಗೊತ್ತುವಳಿ ಸಭೆಗೆ ಬಂದಾಗ ವಿರೋಧ ಪಕ್ಷ ಹೊರಗುಳಿಯಿತು. ಪರವಾಗಿ 72 ಮತ, ವಿರುದ್ಧ ಒಂದೂ ಇಲ್ಲ. ಒಳಗೆ ಕೂತು ವಿರುದ್ಧ ಮತ ಹಾಕಿದ್ದರೆ ‘ತಕ್ಕಷ್ಟು ಬಹುಮತ’ದ ಅರ್ಥವನ್ನಾದರೂ ಲಂಡನ್ ವಿವರಿಸಬೇಕಾಗುತ್ತಿತ್ತು, ಬಹಿಷ್ಕಾರ ಆ ತೊಂದರೆಯನ್ನೂ ತಪ್ಪಿಸಿಕೊಟ್ಟಿತು. ಸೆಪ್ಟೆಂಬರ್‌ನಲ್ಲಿ ಬೂಸಿಯಾ ಲಂಡನ್ನಿಗೆ ಹೋಗಿ ಸ್ವಾತಂತ್ರ್ಯವನ್ನು ಮುಂದೂಡಬೇಕೆಂದು ಕೋರಿದರು. ವಸಾಹತುವೊಂದರ ನಾಯಕ ಆಳುವವರ ಬಾಗಿಲಿಗೆ ಹೋಗಿ ‘ಇನ್ನೂ ಇರಿ’ ಎಂದದ್ದನ್ನು ಎದುರಾಳಿಗಳು ಮುಂದೆ ಎಂದೂ ಮರೆಯಲು ಬಿಡಲಿಲ್ಲ. ಸೆಪ್ಟೆಂಬರ್ 18ರಂದು ಎನ್‌ಕ್ರುಮಾ ಸಭೆಯಲ್ಲಿ ದಿನಾಂಕ ಓದಿ ಹೇಳಿದರು: 1957ರ ಮಾರ್ಚ್ 6.

ಕಾಗದದ ಮೇಲಿನ ರಾಜಿ

ದಿನಾಂಕ ಗೊತ್ತಾದ ಮೇಲೆಯೇ ನಿಜವಾದ ಚೌಕಾಸಿ ನಡೆದದ್ದು. ನವೆಂಬರ್‌ನಲ್ಲಿ ಚಳವಳಿ ಮತ್ತು ಉತ್ತರ ಪ್ರಾಂತ್ಯದ ವಿರೋಧ ಪಕ್ಷ ಕೂಡಿ, ತಮ್ಮ ಎರಡು ಪ್ರಾಂತ್ಯಗಳಿಗೆ ಪ್ರತ್ಯೇಕ ಸ್ವಾತಂತ್ರ್ಯವನ್ನೇ ಕೇಳಿದವು. ಹತ್ತು ವರ್ಷದ ಹಿಂದೆ ಭಾರತದ ವಿಭಜನೆಯನ್ನು ಕಂಡಿದ್ದ ಬ್ರಿಟಿಷ್ ಅಧಿಕಾರಿಗಳಿಗೆ ಈ ಮಾತು ರುಚಿಸಲಿಲ್ಲ, ಆದರೆ ಕಿವಿಗೆ ಬಿದ್ದಿತು. 1957ರ ಜನವರಿಯಲ್ಲಿ ಲೆನಾಕ್ಸ್-ಬಾಯ್ಡ್ ತಾವೇ ಬಂದು ಕುಮಾಸಿಗೂ ಹೋದರು. ಅದರ ಫಲವಾಗಿ ಹೊರಟ ಸಂವಿಧಾನ ದೇಶವನ್ನು ಐದು ಪ್ರಾಂತ್ಯಗಳಾಗಿ ವಿಂಗಡಿಸಿತು. ಪ್ರತಿಯೊಂದಕ್ಕೂ ಅರಸರ ಸದನ ಮತ್ತು ಒಂದು ಪ್ರಾಂತೀಯ ಸಭೆ ಇರಬೇಕೆಂದಿತು. ಅಸಾಂಟೆಹೆನೆಯನ್ನು ಅಸಾಂಟೆ ಪ್ರಾಂತ್ಯದ ಮುಖ್ಯಸ್ಥನೆಂದಿತು. ಸಂವಿಧಾನ ತಿದ್ದಲು ಒಟ್ಟು ಸದಸ್ಯರ ಮೂರನೇ ಎರಡರಷ್ಟು ಬಹುಮತ ಬೇಕೆಂದು, ಪ್ರಾಂತ್ಯಗಳ ಗಡಿಯಂಥ ವಿಷಯಗಳಿಗೆ ಪ್ರಾಂತೀಯ ಸಭೆಗಳ ಒಪ್ಪಿಗೆಯೂ ಬೇಕೆಂದು ಬೀಗ ಹಾಕಿತು. ಒಕ್ಕೂಟವಲ್ಲ, ಶುದ್ಧ ಏಕಘಟಕವೂ ಅಲ್ಲ. ಒಂದೂವರೆ ವರ್ಷ ಮೊದಲು ಬೋರ್ನ್ ಅವರ ಮುಂದೆ ಕೂತಿದ್ದರೂ ಬಹುಶಃ ಇಷ್ಟು ದಕ್ಕುತ್ತಿತ್ತು. ಮಾರ್ಚ್ 6ರ ಮಧ್ಯರಾತ್ರಿ ಅಕ್ರಾದಲ್ಲಿ ಎನ್‌ಕ್ರುಮಾ ಸ್ವಾತಂತ್ರ್ಯ ಸಾರಿದಾಗ, ಘಾನಾ ಎಂಬ ಹೊಸ ಹೆಸರಿನ ದೇಶಕ್ಕೆ ಜೊತೆಯಾಗಿದ್ದುದು ಈ ದಸ್ತಾವೇಜು.

ಪ್ರಾಂತೀಯ ಸಭೆಗಳ ಅಧಿಕಾರ ಎಷ್ಟು ಎಂಬುದನ್ನು ಮಾತ್ರ ಅದು ಮುಂದಿನ ಆಯೋಗವೊಂದಕ್ಕೆ, ಮುಂದಿನ ಶಾಸನಕ್ಕೆ ಬಿಟ್ಟಿತ್ತು. 1957ರ ಕೊನೆಯಲ್ಲಿ ಪ್ರಾಂತ್ಯ, ಬುಡಕಟ್ಟು, ಧರ್ಮಗಳ ಆಧಾರದ ಪಕ್ಷಗಳನ್ನು ನಿಷೇಧಿಸುವ ಕಾನೂನು ಬಂದು, ವಿರೋಧಿಗಳೆಲ್ಲ ಯುನೈಟೆಡ್ ಪಾರ್ಟಿ ಎಂಬ ಒಂದೇ ಹೆಸರಿನಡಿ ಸೇರಿದರು. 1958ರಲ್ಲಿ ವಿಚಾರಣೆಯಿಲ್ಲದೆ ಬಂಧಿಸುವ ಮುಂಜಾಗ್ರತಾ ಬಂಧನ ಕಾಯಿದೆ ಜಾರಿಯಾಯಿತು. ಅದೇ ವರ್ಷ ಪ್ರಾಂತೀಯ ಸಭೆಗಳಿಗೆ ಚುನಾವಣೆ ನಡೆದಾಗ, ಆ ಸಭೆಗಳಿಗಾಗಿಯೇ ಮೂರು ವರ್ಷ ಹೋರಾಡಿದ ಪಕ್ಷ, ಅವಕ್ಕೆ ಅಧಿಕಾರ ಸಾಲದೆಂದು, ಮತ್ತೆ ಬಹಿಷ್ಕಾರ ಹಾಕಿತು. ಸ್ಥಾನಗಳೆಲ್ಲ ಎನ್‌ಕ್ರುಮಾ ಪಕ್ಷದವರಿಂದ ತುಂಬಿದವು. ಸಂವಿಧಾನದ ಬೀಗ ತೆಗೆಯಲು ಬೇಕಾದ ಒಪ್ಪಿಗೆಯನ್ನು ಆ ಸಭೆಗಳೇ ಕೊಟ್ಟವು. 1959ರಲ್ಲಿ ಸಭೆಗಳು ರದ್ದಾದವು. ಆ ವರ್ಷವೇ ಅಸಾಂಟೆಯನ್ನು ಸೀಳಿ, ಸುನ್ಯಾನಿಯನ್ನು ಕೇಂದ್ರವಾಗಿಸಿಕೊಂಡ ಬ್ರಾಂಗ್-ಅಹಾಫೋ ಪ್ರಾಂತ್ಯ ರಚನೆಯಾಯಿತು. ಹೆಚ್ಚುಕಡಿಮೆ ಅದೇ ಹೊತ್ತಿಗೆ, ಆಡಳಿತ ಪಕ್ಷದ ಆಶ್ರಯದಲ್ಲಿದ್ದ ರೈತ ಮಂಡಳಿ ದೇಶದ ಅಭಿವೃದ್ಧಿ ಯೋಜನೆಗೆ ಬೆಳೆಗಾರರ ಸ್ವಇಚ್ಛೆಯ ಕಾಣಿಕೆಯೆಂದು ಸಾರಿ, ಕೋಕೋ ದರವನ್ನು ಹೊರೆಗೆ 72 ಷಿಲಿಂಗಿನಿಂದ 60ಕ್ಕೆ ಇಳಿಸಲು ಒಪ್ಪಿಕೊಂಡಿತು.